ಬಿಟ್ಟಿ ಪಟ್ಟಿಯ ಬೆಲೆ ಬಲ್ಲ ಸಿಮೆಂಟಣ್ಣ

ಚಳಿ ಇನ್ನೇನು ಕಾಲು ಕೀಳಬೇಕು ಅನ್ನುವ ವಾರ. ಬೆಳಗಿನ ಐದೂಮುಕ್ಕಾಲು ಗಂಟೆ. ದೊಡ್ಡಾಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಕೋಣೆಗೂ ಎಕ್ಸ್‌ರೇ ಕೋಣೆಗೂ ನಡುವೆ ಒತ್ತರಿಸಿಕೊಂಡು ನಿಂತ ಒಂದು ಸಣ್ಣ ಕೋಣೆ. ಅದರ ಬೀಗ ತೆಗೆದು ಒಳಗೆ ಬಂದವರು ದೀಪ ಹಾಕುವ ಮೊದಲೇ ನೀರು ಕಾಯಿಸಲು ಇಡುತ್ತಾರೆ. ಆಮೇಲೆ ನೀರಿಗೆ ಮೊಣಕೈ ಅದ್ದಿ ನೋಡುತ್ತಾರೆ. ಸ್ವಲ್ಪ ತಣ್ಣೀರು ಬೆರೆಸಿ ಮತ್ತೆ ಅದ್ದುತ್ತಾರೆ. "ಹಸುಗೂಸಿಗೆ ಸ್ನಾನ ಮಾಡ್ಸೋ ಹದಕ್ಕೆ ಬರ್ಬೇಕು. ಬಿಸಿ ಜಾಸ್ತಿ ಆದ್ರೆ ಪ್ಲಾಸ್ಟರ್ ನನ್ನ ಕೈಯಲ್ಲೇ ಗಟ್ಟಿಯಾಗಿ ಕೂತ್ಬಿಡುತ್ತೆ. ಒಳಗಿರೋ ಕಾಲೂ ಸುಡುತ್ತೆ. ಸುಡ್ತಿದೆ ಅಂತ ಹೇಳೋಕೆ ಆ ಕಾಲಿಗೆ ಬಾಯಿಲ್ಲ ನೋಡಿ," ಎನ್ನುತ್ತಾರೆ.

ಇವರು ಪ್ಲಾಸ್ಟರ್ ಕೋಣೆಯ ಅಟೆಂಡರ್. ವಯಸ್ಸು ಐವತ್ತೊಂಬತ್ತು ತುಂಬಿದೆ. ಸಂಬಳದ ಪಟ್ಟಿಯಲ್ಲಿ ಹೆಸರೊಂದು ಇದ್ದೇ ಇದೆ, ಆದರೆ ಆಸ್ಪತ್ರೆಯ ಗೇಟಿನಲ್ಲಿ ಆ ಹೆಸರು ಹೇಳಿ ಕೇಳಿದರೆ ಕಾವಲಿನವರು ತಲೆ ಕೆರೆದುಕೊಳ್ಳುತ್ತಾರೆ. ಸಿಮೆಂಟಣ್ಣ ಎಂದರೆ ಮಾತ್ರ ಕೈ ತೋರಿಸಿ, "ಹಿಂದ್ಗಡೆ ಹೋಗಿ, ಬಕೆಟ್ ಸದ್ದು ಎಲ್ಲಿ ಬರುತ್ತೋ ಅಲ್ಲಿ" ಎನ್ನುತ್ತಾರೆ. ಮೂಳೆ ಮುರಿದವರಿಗೆ ಪ್ಲಾಸ್ಟರ್ ಹಾಕಲು ನೆರವಾಗುವುದು ಇವರ ಹುದ್ದೆಯ ಕೆಲಸ. ಬೆಳಗ್ಗೆ ಎಂಟಕ್ಕೆ ಅದು ಶುರುವಾಗುತ್ತದೆ. ಅದಕ್ಕೂ ಮುಂಚಿನ ಎರಡು ಗಂಟೆಯಲ್ಲಿ ಇವರು ಮಾಡುವುದು ಬೇರೆಯೇ ಕೆಲಸ: ಸಕ್ಕರೆ ಕಾಯಿಲೆಯವರ ಅಂಗಾಲಿನ ಗಾಯಕ್ಕೆ ಪ್ಲಾಸ್ಟರ್ ಕಟ್ಟುವುದು.

ಆರು ಗಂಟೆಗೆ ಮೊದಲನೆಯವರು ಬರುತ್ತಾರೆ. ಕಟಿಂಗ್ ಶಾಪಿನ ಯಜಮಾನರು, ಜೊತೆಗೆ ಅವರ ಹೆಂಡತಿ. ಏಳೂವರೆಗೆ ಅಂಗಡಿಯ ಬಾಗಿಲು ತೆಗೆಯಬೇಕು, ಹಾಗಾಗಿ ಈ ಹೊತ್ತು. ಎರಡು ತಿಂಗಳ ಹಿಂದೆ ಮುರಿದ ಬ್ಲೇಡಿನ ತುದಿಯೊಂದು ಇವರ ಚಪ್ಪಲಿಯ ಅಡಿಯಿಂದ ಒಳಹೊಕ್ಕು, ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಕೂತಿತ್ತು. ಮೂರು ದಿನ ಅದರ ಮೇಲೇ ನಿಂತು ಊರವರ ತಲೆ ಕತ್ತರಿಸಿದರು. ನೋವು ಗೊತ್ತಾಗಲಿಲ್ಲ. ಹದಿನಾರು ವರ್ಷದ ಸಕ್ಕರೆ ಕಾಯಿಲೆ ಕಾಲಿನ ನರಗಳನ್ನು ಸದ್ದಿಲ್ಲದೆ ಮುಗಿಸಿಬಿಟ್ಟಿದೆ. ಮನೆಯ ನೆಲದ ಮೇಲೆ ಕೆಂಪು ಹೆಜ್ಜೆ ಕಂಡವರು ಹೆಂಡತಿ.

ಯಜಮಾನರನ್ನು ಮೇಜಿನ ಮೇಲೆ ಬೋರಲು ಮಲಗಿಸಿ, ಮೊಣಕಾಲು ಮಡಚಿ, ಅಂಗಾಲು ಸೂರು ನೋಡುವಂತೆ ನಿಲ್ಲಿಸುತ್ತಾರೆ ಸಿಮೆಂಟಣ್ಣ.

"ಊರಿನವರ ತಲೆಯನ್ನೆಲ್ಲ ಬಗ್ಗಿಸೋನು ನಾನು. ನನ್ನನ್ನೇ ಬೋರಲು ಹಾಕಿಬಿಟ್ರಲ್ಲ ಅಣ್ಣಾ."

"ಮಾತಾಡಿ ಯಜಮಾನ್ರೇ, ಕಾಲು ಮಾತ್ರ ಅಲ್ಲಾಡಿಸ್ಬೇಡಿ. ಬಾಯಿಗೆ ಪ್ಲಾಸ್ಟರ್ ಹಾಕೋ ಅಧಿಕಾರ ನನಗಿಲ್ಲ."

"ಅಧಿಕಾರ ನಾನು ಕೊಟ್ಟಿದ್ದೀನಿ, ಹಾಕಿ," ಎನ್ನುತ್ತಾರೆ ಸ್ಟೂಲಿನ ಮೇಲೆ ಕೂತ ಹೆಂಡತಿ.

ಮೊದಲು ಪಾದದ ಮೇಲ್ಭಾಗದಲ್ಲಿ ಎರಡು ಬೆರಳಿಟ್ಟು ನಾಡಿ ನೋಡುತ್ತಾರೆ. ನಾಡಿ ಸಿಗದ ಕಾಲಿಗೆ, ಕೀವು ತುಂಬಿದ ಕಾಲಿಗೆ ಇವರು ಪ್ಲಾಸ್ಟರ್ ಮುಟ್ಟಿಸುವುದೇ ಇಲ್ಲ, ನೇರ ಡಾಕ್ಟರ ಹತ್ತಿರ ಕಳಿಸುತ್ತಾರೆ. ನಾಡಿ ಸಿಕ್ಕ ಮೇಲೆ ಗಾಯ ತೊಳೆದು, ಅದರ ಮೇಲೊಂದು ತೆಳು ಹಾಳೆ ಇಟ್ಟು, ಪೆನ್ನಿನಿಂದ ಗಾಯದ ಅಂಚು ಬರೆದುಕೊಳ್ಳುತ್ತಾರೆ. ಹಳೇ ಎಕ್ಸ್‌ರೇ ಫಿಲಂ ಅದು, ಔಷಧಿ ನೀರಲ್ಲಿ ತೊಳೆದು ಗಾಜಿನಂತೆ ಮಾಡಿದ್ದು. ಹೋದ ವಾರದ ಹಾಳೆಯ ಮೇಲೆ ಈ ವಾರದ್ದನ್ನು ಇಟ್ಟು ಬೆಳಕಿಗೆ ಹಿಡಿಯುತ್ತಾರೆ. ಮೊದಲ ದಿನ ಕೋಟಿನ ಗುಂಡಿಯಷ್ಟು ಅಗಲವಿದ್ದ ಗಾಯ ಈಗ ಅಂಗಿಯ ಗುಂಡಿಯಷ್ಟಾಗಿದೆ. ಹಾಳೆಯ ಮೂಲೆಯಲ್ಲಿ ಪುಟ್ಟದೊಂದು ಕತ್ತರಿಯ ಚಿತ್ರ. ಐದನೇ ಕ್ಲಾಸಿಗೆ ಓದು ಬಿಟ್ಟ ಸಿಮೆಂಟಣ್ಣನಿಗೆ ಬರೆಯುವುದೆಂದರೆ ಕೈ ತಡವರಿಸುತ್ತದೆ. ಹೆಸರಿನ ಬದಲು ಕಸುಬಿನ ಗುರುತು ಹಾಕುತ್ತಾರೆ. ಟೈಲರಿಗೆ ಸೂಜಿ, ಗಾರೆಯವರಿಗೆ ಕರಣೆ, ಮೇಷ್ಟರಿಗೆ ಬೆತ್ತ.

ಆಮೇಲೆ ಬೆರಳ ಸಂದಿಗೆ ಹತ್ತಿ, ಗಂಟಿನ ಮೂಳೆಗಳ ಮೇಲೆ ಮೆತ್ತನೆಯ ತುಂಡು, ಅದರ ಮೇಲೆ ನೀರಲ್ಲಿ ಅದ್ದಿ ಹಿಂಡಿದ ಪ್ಲಾಸ್ಟರ್ ಸುರುಳಿ. ಒಂದು ಕಾಲಿಗೆ ನಾಲ್ಕು ಸುರುಳಿ, ನಲವತ್ತು ನಿಮಿಷ. ಸುತ್ತುವಾಗ ಸುಕ್ಕು ಬರಬಾರದು. ಒದ್ದೆ ಇರುವಷ್ಟು ಹೊತ್ತೂ ಅಂಗೈಯಿಂದ ಸವರಬೇಕು, ಬೆರಳ ತುದಿ ಒತ್ತಲೇಬಾರದು. ಒತ್ತಿದರೆ ಒಳಗೆ ಕುಳಿ ಬೀಳುತ್ತದೆ, ಕುಳಿ ಕಾಲನ್ನು ಒತ್ತುತ್ತದೆ, ನೋವರಿಯದ ಕಾಲು ಸುಮ್ಮನೆ ಒತ್ತಿಸಿಕೊಳ್ಳುತ್ತದೆ. ಕೊನೆಯಲ್ಲಿ ಅಡಿಗೆ ಹಳೇ ಟೈರಿನ ತುಂಡೊಂದು ಹಿಮ್ಮಡಿಯಾಗಿ ಕೂರುತ್ತದೆ.

"ಗಾಯ ಯಾಕೆ ವಾಸಿ ಆಗಲ್ಲ ಹೇಳಿ? ಔಷಧಿ ಸಾಲದೇ ಅಲ್ಲ. ಆ ಮನುಷ್ಯ ಅದ್ರ ಮೇಲೇ ನಡೀತಾನೆ, ಅದಕ್ಕೆ," ಎನ್ನುತ್ತಾರೆ ಸಿಮೆಂಟಣ್ಣ. "ನಿಮಗೆ ನನಗೆ ನೋವಾದ್ರೆ ಕುಂಟ್ತೀವಿ. ಇವ್ರಿಗೆ ನೋವೇ ಇಲ್ಲ, ಕುಂಟೋದು ಹೇಗೆ? ಈ ಕಟ್ಟು ಹಾಕಿದ್ರೆ ಮೈಭಾರ ಮೀನಖಂಡಕ್ಕೆಲ್ಲ ಹಂಚಿಹೋಗುತ್ತೆ. ಗಾಯಕ್ಕೆ ಮಲಗೋಕೆ ಜಾಗ ಸಿಗುತ್ತೆ. ನಡೀತಾ ನಡೀತಾನೇ ವಾಸಿ ಆಗುತ್ತೆ." ಮೊದಲ ಕಟ್ಟನ್ನು ಮೂರು ದಿನಕ್ಕೆ ಬಿಚ್ಚುತ್ತಾರೆ, ಆಮೇಲಿನದನ್ನು ವಾರಕ್ಕೊಮ್ಮೆ. ಎಂಟೋ ಹತ್ತೋ ಕಟ್ಟಿಗೆ ಗಾಯ ಮುಚ್ಚುತ್ತದೆ.

ಈ ಕೆಲಸ ಇವರಿಗೆ ಕಲಿಸಿದ್ದು ಇಪ್ಪತ್ತಾರು ವರ್ಷದ ಹಿಂದೆ ಇಲ್ಲಿದ್ದ ಒಬ್ಬ ಡಾಕ್ಟರಮ್ಮ. ಆಕೆ ವರ್ಗವಾಗಿ ಹೋದರು, ಕೆಲಸ ಇವರ ಕೈಯಲ್ಲಿ ಉಳಿಯಿತು. ಕಲಿಯಬೇಕೆಂಬ ಹಟಕ್ಕೆ ಕಾರಣ ಮಾತ್ರ ಅದಕ್ಕೂ ಹಳೆಯದು. ತಾಯಿಯಿಲ್ಲದ ಇವರನ್ನು ಸಾಕಿದವರು ಅಕ್ಕ. ಬೀದಿ ತಿರುವಿನಲ್ಲಿ ಇಸ್ತ್ರಿ ಮಾಡಿ ಬದುಕಿದವರು. ಒಂದು ದಿನ ಇಸ್ತ್ರಿ ಪೆಟ್ಟಿಗೆಯಿಂದ ಕೆಂಡವೊಂದು ಚಪ್ಪಲಿಗೆ ಬಿತ್ತು. ಅವರಿಗೂ ಸಕ್ಕರೆ ಕಾಯಿಲೆ, ಗೊತ್ತಾದದ್ದು ವಾಸನೆಯಿಂದ. ಇದೇ ಆಸ್ಪತ್ರೆಯಲ್ಲಿ ದಿನಾ ಪಟ್ಟಿ ಬದಲಾಯಿಸುತ್ತಿದ್ದರು, ಒಂದು ಕಾಸೂ ಕೇಳುತ್ತಿರಲಿಲ್ಲ. ಹೋಗಲು ಎರಡು ಬಸ್ಸು, ಬರಲು ಎರಡು ಬಸ್ಸು, ಸರದಿಯಲ್ಲಿ ಮೂರು ತಾಸು. ಮಧ್ಯಾಹ್ನದವರೆಗೆ ಇಸ್ತ್ರಿ ಮೇಜು ಖಾಲಿ. ಹನ್ನೊಂದು ತಿಂಗಳು ಹೀಗೆ ನಡೆದು ಮೊದಲು ಎರಡು ಬೆರಳು, ಆಮೇಲೆ ಕಾಲು ಹೋಯಿತು.

"ಬಿಟ್ಟಿ ಪಟ್ಟಿ ಅಂತ ನಾವೂ ಖುಷಿಯಾಗೇ ಹೋಗ್ತಿದ್ವಿ," ಎನ್ನುತ್ತಾರೆ. "ಅದಕ್ಕಿಂತ ದುಬಾರಿ ಔಷಧಿ ನಾನು ಇವತ್ತಿನವರೆಗೂ ನೋಡಿಲ್ಲ."

ಯಜಮಾನರ ಭಾವಮೈದುನ ಇನ್ನೊಂದು ದಾರಿ ಹುಡುಕಿಟ್ಟಿದ್ದಾರೆ. ಪೇಟೆಯ ಖಾಸಗಿ ಆಸ್ಪತ್ರೆಯಲ್ಲಿ ಗಾಯದ ನೀರು ಎಳೆಯುವ ಯಂತ್ರ ಬಾಡಿಗೆಗೆ ಸಿಗುತ್ತದೆ. ಒಂದು ತಿಂಗಳ ಬಾಡಿಗೆಗೆ ಅಂಗಡಿಯ ಎರಡು ಕುರ್ಚಿ ಮಾರಬೇಕಾಗುತ್ತದೆ. ಇರುವುದೇ ಎರಡು ಕುರ್ಚಿ. ಸಿಮೆಂಟಣ್ಣ ಯಂತ್ರವನ್ನು ಹೀಗಳೆಯುವುದಿಲ್ಲ. "ಕುಯ್ದು ತೆಗೆದ ದೊಡ್ಡ ಗಾಯಕ್ಕೆ ಅದೇ ಬೇಕು. ಇವರದಕ್ಕೆ ಬೇಡ. ಯಂತ್ರ ಕಟ್ಕೊಂಡು ಅದೇ ಕಾಲಲ್ಲಿ ಕಟಿಂಗ್ ಮಾಡ್ತಾ ನಿಂತ್ರೆ ಯಂತ್ರ ಪಾಪ ಏನು ಮಾಡುತ್ತೆ?"

ಆ ಬೆಳಗ್ಗೆ ಹಾಕಿದ್ದು ಯಜಮಾನರ ನಾಲ್ಕನೇ ಕಟ್ಟು. ಹನ್ನೊಂದು ಗಂಟೆಗೆ ಸ್ಟೋರಿನಿಂದ ಚೀಟಿ ಬರುತ್ತದೆ. ಆಡಿಟ್ ನಡೆದಿದೆ. ಆರು ತಿಂಗಳಲ್ಲಿ ಮೂಳೆ ಮುರಿದವರು ಇನ್ನೂರ ಹತ್ತು ಜನ, ಅವರಿಗೆ ಏಳುನೂರು ಸುರುಳಿ ಸಾಕು. ಖರ್ಚಾದದ್ದು ಎರಡು ಸಾವಿರದ ಇನ್ನೂರು. ಉಳಿದದ್ದು ಎಲ್ಲಿ ಹೋಯಿತು? ಪುಸ್ತಕದಲ್ಲಿ ಪ್ಲಾಸ್ಟರ್ ಇರುವುದು ಮೂಳೆಯ ಪುಟದಲ್ಲಿ ಮಾತ್ರ, ಗಾಯದ ಪುಟದಲ್ಲಿ ಪಟ್ಟಿ, ಹತ್ತಿ, ಔಷಧಿ ನೀರು ಮಾತ್ರ. ಇಪ್ಪತ್ತಾರು ವರ್ಷದಲ್ಲಿ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಇನ್ನು ಮುಂದೆ ಪ್ಲಾಸ್ಟರ್ ಮೂಳೆಗೆ ಮಾತ್ರ, ಅಂಗಾಲಿನ ಗಾಯದವರನ್ನೆಲ್ಲ ಪಟ್ಟಿ ಕೋಣೆಗೆ ಕಳಿಸತಕ್ಕದ್ದು ಎಂದು ಚೀಟಿ ಹೇಳುತ್ತದೆ. ಕದ್ದಿದ್ದಾರೆ ಎಂದು ಬರೆದಿಲ್ಲ. ಆದರೆ ಮಧ್ಯಾಹ್ನದ ಹೊತ್ತಿಗೆ ಕ್ಯಾಂಟೀನಿನಲ್ಲಿ ಒಬ್ಬರು, "ಏನಣ್ಣಾ, ಮನೆಗೆ ಮಹಡಿ ಕಟ್ಟಿಸ್ತಿದ್ದೀಯಂತೆ, ಸಿಮೆಂಟಿಗೇನು ಬರ?" ಎಂದು ಕಾಲೆಳೆದೇ ಬಿಟ್ಟರು. ಸಿಮೆಂಟಣ್ಣ ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ಅವಮಾನವನ್ನು ನುಂಗಿಕೊಂಡಾರು. ಆದರೆ ಮುಂದಿನ ವಾರ ಯಜಮಾನರು ಬಂದಾಗ ಕಟ್ಟುವುದೇನನ್ನು? ಮೂಳೆಯವರಿಗೆಂದು ಎಣಿಸಿ ಕೊಟ್ಟದ್ದು ಬಿಟ್ಟರೆ ಸುರುಳಿ ಒಂದೂ ಇಲ್ಲ. ನಾಲ್ಕನೇ ಕಟ್ಟನ್ನೇ ಜೋಪಾನವಾಗಿ ಎರಡು ಹೋಳು ಮಾಡಿ, ಒಳಗೆ ಹತ್ತಿ ಬದಲಾಯಿಸಿ, ಮತ್ತೆ ಜೋಡಿಸಿ ಬಟ್ಟೆಯಿಂದ ಬಿಗಿದು ಕಳಿಸುತ್ತಾರೆ. "ಇದನ್ನ ಬಿಚ್ಚಬಾರ್ದು ಯಜಮಾನ್ರೇ. ನಿಮ್ಮ ಕತ್ತರಿ ಮೇಲಾಣೆ."

ಹತ್ತೊಂಬತ್ತು ದಿನಕ್ಕೆ ಯಜಮಾನರು ತಲೆ ತಗ್ಗಿಸಿಕೊಂಡು ಬರುತ್ತಾರೆ. ಹಾಳೆ ಇಟ್ಟು ನೋಡಿದರೆ ಗೆರೆ ಹಿಂದಿನ ಗೆರೆಯನ್ನು ದಾಟಿ ಆಚೆ ಹೋಗಿದೆ. ಕೋಟಿನ ಗುಂಡಿಗಿಂತಲೂ ಅಗಲ.

"ಬಿಚ್ಚಿದ್ರಾ?"

"ಬಿಚ್ಚೋಕಾಗುತ್ತೆ ಅಂತ ಗೊತ್ತಾದ್ಮೇಲೆ ಕೈ ಸುಮ್ನಿರುತ್ತಾ ಅಣ್ಣಾ? ಸ್ವಲ್ಪ ಹೊತ್ತು, ಅಷ್ಟೇ."

"ಸ್ವಲ್ಪ ಹೊತ್ತಂತೆ!" ಹೆಂಡತಿ ಸ್ಟೂಲಿನಿಂದ ಎದ್ದೇಬಿಡುತ್ತಾರೆ. "ಭಾನುವಾರ ಹದಿನೇಳು ತಲೆ. ನಾನು ಎಣಿಸಿದ್ದೀನಿ. ಬೇಡ ಅಂದ್ರೆ, ನೋವಿಲ್ವಲ್ಲೇ ಅಂತಾರೆ."

ಡಾಕ್ಟರು ಎಕ್ಸ್‌ರೇ ತೆಗೆಸಿದರು. ಗಾಯ ಮೂಳೆಯವರೆಗೆ ಇಳಿದಿಲ್ಲ, ಆದರೆ ದೂರವೂ ಇಲ್ಲ. ಇಳಿದರೆ ಹೆಬ್ಬೆರಳು ಹೋಗುತ್ತದೆ. ಹೆಬ್ಬೆರಳಿಲ್ಲದೆ ದಿನವಿಡೀ ನಿಲ್ಲುವುದು ಕಷ್ಟ, ನಿಲ್ಲದೆ ಅವರ ಕಸುಬಿಲ್ಲ.

ಆವತ್ತು ಸಿಮೆಂಟಣ್ಣ ಇಪ್ಪತ್ತಾರು ವರ್ಷದಲ್ಲಿ ಮಾಡದ ಕೆಲಸವೊಂದನ್ನು ಮಾಡಿದರು. ಬೀರುವಿನಲ್ಲಿದ್ದ ಹಾಳೆಗಳನ್ನೆಲ್ಲ ತಳ್ಳುಗಾಡಿಯಲ್ಲಿ ತುಂಬಿಕೊಂಡು, ಆಡಿಟ್ ಸಾಹೇಬರು ಕೂತಿದ್ದ ಕೋಣೆಗೆ ಹೋದರು. ಒಬ್ಬೊಬ್ಬರದೂ ಒಂದು ಕಂತೆ, ಪಟ್ಟಿ ಬಟ್ಟೆಯಿಂದ ಬಿಗಿದದ್ದು.

"ಏನಿದು?" ಎಂದರು ಸಾಹೇಬರು.

"ನಿಮ್ಮ ಸಾವಿರದ ಐನೂರು ಸುರುಳಿ ಸ್ವಾಮಿ."

ಸಾಹೇಬರು ಕೆಟ್ಟವರೇನಲ್ಲ, ಲೆಕ್ಕದ ಮನುಷ್ಯ. ಹಾಳೆಗಳನ್ನು ತಿರುವಿ, ಹೆಸರಿಲ್ಲ, ತಾರೀಕಿಲ್ಲ, ಇದು ದಾಖಲೆಯೇ ಅಲ್ಲ ಎಂದರು. ಅದೂ ನಿಜವೇ. ಸಿಮೆಂಟಣ್ಣ ಅಲ್ಲಿಂದ ಕದಲಲಿಲ್ಲ. "ಯಾವ್ದಾದ್ರೂ ಒಂದು ಎತ್ಕೊಳ್ಳಿ. ಯಾರು, ಯಾವ ಕಾಲದಲ್ಲಿ ಬಂದ್ರು, ಎಷ್ಟು ಕಟ್ಟಿಗೆ ವಾಸಿ ಆಯ್ತು, ಹೇಳ್ತೀನಿ. ಹೊರರೋಗಿಗಳ ಪುಸ್ತಕ ಇದೆಯಲ್ಲ, ತಾಳೆ ನೋಡಿ."

ದಾಖಲೆ ಕೋಣೆಯ ಮೇಡಂ ಹಳೇ ಪುಸ್ತಕಗಳನ್ನು ಹೊತ್ತು ತಂದರು. ಸಾಹೇಬರು ಕಣ್ಣು ಮುಚ್ಚಿ ಹನ್ನೆರಡು ಕಂತೆ ಆರಿಸಿದರು. ಕರಣೆಯ ಗುರುತಿನದು: "ಗಾರೆಯವ್ರು. ಮಳೆ ಹಿಡ್ಕೊಂಡಿತ್ತು, ಕೊಡೆಯನ್ನೇ ಊರುಗೋಲು ಮಾಡ್ಕೊಂಡು ಬಂದ್ರು. ಏಳು ಕಟ್ಟು." ಸೂಜಿಯದು: "ಟೈಲರಮ್ಮ, ಎಡಗಾಲು. ಮಗಳು ಆವಾಗ ಬಸುರಿ. ಒಂಬತ್ತು. ಮೊಮ್ಮಗು ಹುಟ್ಟೋ ಹೊತ್ತಿಗೆ ಮುಚ್ಚಿತ್ತು." ಮೇಡಂ ಪುಟ ತಿರುವುತ್ತ, ಒಂದೊಂದಕ್ಕೂ ತಲೆಯಾಡಿಸುತ್ತ ಹೋದರು. ಹನ್ನೊಂದೂ ತಾಳೆಯಾದವು.

ಹನ್ನೆರಡನೆಯದರ ಮೂಲೆಯಲ್ಲಿ ಪೊರಕೆಯ ಚಿತ್ರ. ಸಿಮೆಂಟಣ್ಣ ಮೇಡಂ ಮುಂದಿದ್ದ ಪುಸ್ತಕದ ಮೇಲೆ ಕೈ ಇಟ್ಟರು.

"ಇದನ್ನ ಪುಸ್ತಕದಲ್ಲಿ ಹುಡುಕ್ಬೇಡಿ, ನಾನೇ ಹೇಳ್ತೀನಿ. ಇದು ವಾಸಿ ಆಗ್ಲಿಲ್ಲ. ಬೀದಿ ಗುಡಿಸೋ ಅಮ್ಮ. ಆವತ್ತು ಹೊರಗೆ ಒಂಬತ್ತು ಜನ ಕಾಯ್ತಿದ್ರು, ನಾನು ಅವಸರ ಮಾಡ್ದೆ. ಪಾದ ವಾಲ್ತಿತ್ತು ಅಂತ ಹಸಿ ಪ್ಲಾಸ್ಟರ್ ಮೇಲೆ ಹೆಬ್ಬೆರಳಲ್ಲಿ ಹಿಡ್ದೆ. ಒಳಗೆ ಕುಳಿ ಬಿತ್ತು. ಏಳು ದಿನಕ್ಕೆ ಬಿಚ್ಚಿದ್ರೆ ಹರಡಿನ ಹತ್ರ, ಪಾದದ ಗಂಟಲ್ಲಿ, ಮೂಳೆ ಕಾಣ್ತಿತ್ತು. ಮೊಣಕಾಲಿನ ಕೆಳಗೆ ಕಾಲು ತೆಗೆದ್ರು. ಆಯಮ್ಮ ನನಗೆ ಬೈಲೂ ಇಲ್ಲ. ನೋವೇ ಆಗ್ಲಿಲ್ಲ ಬಿಡಪ್ಪಾ ಅಂದ್ರು."

"ಇದನ್ನ ಯಾಕೆ ಇಟ್ಕೊಂಡಿದ್ದೀರಿ?"

"ಎಸೆದ್ರೆ ಮಿಕ್ಕಿದ್ದೆಲ್ಲ ಸುಳ್ಳಾಗುತ್ತಲ್ಲ ಸ್ವಾಮಿ."

ಸಾಹೇಬರು ಪೆನ್ನು ಕೈಗೆತ್ತಿಕೊಂಡದ್ದು ಆಗಲೇ ಎಂದು ದಾಖಲೆ ಕೋಣೆಯ ಮೇಡಂ ಈಗಲೂ ಹೇಳುತ್ತಾರೆ. ಪಟ್ಟಿ ಕೋಣೆಯ ಸಿಸ್ಟರನ್ನು ಕರೆಸಿದರು. ಅಂಗಾಲಿನ ಗಾಯ ಒಂದಕ್ಕೆ ಎಷ್ಟು ಸಲ ಪಟ್ಟಿ ಬದಲಾಯಿಸುತ್ತೀರಿ ಎಂದು ಕೇಳಿದರು. "ನೂರೈವತ್ತಕ್ಕೆ ಕಮ್ಮಿ ಇಲ್ಲ ಸಾರ್. ಅಷ್ಟು ಮಾಡಿದ್ರೂ ಮೂರು ಜನದಲ್ಲಿ ಒಬ್ರಿಗೆ ಮುಚ್ಚುತ್ತೆ," ಎಂದರು ಸಿಸ್ಟರ್. ಅಲ್ಲಿಗೆ ಒಂದು ಕಾಲು ವಾಸಿಯಾಗಲು ನಾನೂರೈವತ್ತು ಪಟ್ಟಿ. ಒಂದು ಪ್ಲಾಸ್ಟರ್ ಕಟ್ಟಿನ ದುಡ್ಡಿಗೆ ಹನ್ನೆರಡು ಪಟ್ಟಿ ಬರುತ್ತವೆ, ಆದ್ದರಿಂದಲೇ ಅದು ಇಷ್ಟು ದಿನ ದುಬಾರಿ ಕಂಡದ್ದು. ಆದರೆ ಹತ್ತು ಕಟ್ಟಿಗೆ ನೂರಿಪ್ಪತ್ತು ಪಟ್ಟಿಯ ದುಡ್ಡು, ಸಿಮೆಂಟಣ್ಣನ ಹಾಳೆಗಳ ಪ್ರಕಾರ ಹತ್ತು ಜನದಲ್ಲಿ ಎಂಟು ಜನಕ್ಕೆ ಗಾಯ ಮುಚ್ಚುತ್ತದೆ. ವಾಸಿಯಾಗದ ಇಬ್ಬರ ಖರ್ಚನ್ನೂ ಸೇರಿಸಿದರೆ ಒಂದು ಕಾಲಿಗೆ ನೂರೈವತ್ತು. ಮೂರರಲ್ಲಿ ಒಂದು ಪಾಲು. ಬಸ್ಸಿನ ಖರ್ಚು, ಹೋದ ಕೂಲಿ, ಕಾಲು ಕತ್ತರಿಸುವ ಖರ್ಚು ಯಾವುದೂ ಇದರಲ್ಲಿ ಸೇರಿಲ್ಲ. ಪುಸ್ತಕದಲ್ಲಿ ಒಂದು ಪಟ್ಟಿಗೆ ಎಷ್ಟು, ಒಂದು ಸುರುಳಿಗೆ ಎಷ್ಟು ಎಂದು ಬರೆಯಲು ಜಾಗವಿತ್ತು. ವಾಸಿಯಾದ ಒಂದು ಕಾಲಿಗೆ ಎಷ್ಟು ಎಂದು ಬರೆಯಲು ಜಾಗವೇ ಇರಲಿಲ್ಲ.

ಸಾಹೇಬರು ಸ್ಕೇಲು ತರಿಸಿ, ಗಾಯದ ಪುಟದ ಕೊನೆಯಲ್ಲಿ ತಾವೇ ಒಂದು ಗೆರೆ ಎಳೆದು ಹೊಸ ಕಾಲಂ ಮಾಡಿದರು. ಆ ಕಂಬದ ಮೇಲೆ 'ವಾಸಿಯಾದ ಕಾಲು' ಎಂದು ಬರೆದರು. ವರ್ಷದ ಕೊನೆಯವರೆಗೆ ಪ್ಲಾಸ್ಟರಿಗೆ ಅನುಮತಿ ಸಿಕ್ಕಿತು. ಎರಡು ಷರತ್ತು: ಇನ್ನು ಮೇಲೆ ಹೆಸರು, ತಾರೀಕು ಬರೆಯಬೇಕು. ಸಿಮೆಂಟಣ್ಣ ನಿವೃತ್ತರಾಗುವ ಮೊದಲು ಇನ್ನೊಬ್ಬರಿಗೆ ಕಲಿಸಬೇಕು. ಪಟ್ಟಿ ಕೋಣೆಯ ಸಿಸ್ಟರ್ ತಾವೇ ಮುಂದೆ ಬಂದರು. "ನೂರೈವತ್ತು ಸಲ ಒಂದೇ ಗಾಯ ನೋಡಿ ನೋಡಿ ನನಗೂ ಸಾಕಾಗಿದೆ," ಎಂದರಂತೆ.

ಮರುದಿನವೇ ಯಜಮಾನರು ಮತ್ತೆ ಬೋರಲು. ಮೊದಲಿನಿಂದ ಶುರು. ಈ ಸಲ ಮಾತು ಕಡಿಮೆ. ಅಂಗಡಿಯಲ್ಲಿ ಎತ್ತರದ ಸ್ಟೂಲಿನ ಮೇಲೆ ಕೂತೇ ಕತ್ತರಿ ಆಡಿಸುವುದನ್ನು ರೂಢಿ ಮಾಡಿಕೊಂಡಿದ್ದಾರೆ. ಗಿರಾಕಿಗಳು, "ಏನ್ ಯಜಮಾನ್ರೇ, ದರ್ಬಾರು ಜೋರು" ಎಂದು ರೇಗಿಸುತ್ತಾರೆ. "ಬಿಚ್ಚೋಕಾಗದ ಬೂಟು ಹಾಕಿದ್ದಾರೆ ಕಣ್ರಯ್ಯ, ಹೆಂಡತಿಗಿಂತ ಬಿಗಿ," ಎಂದು ಇವರು ಉತ್ತರ ಕೊಡುತ್ತಾರೆ. ಹೆಂಡತಿ ಪಕ್ಕದಲ್ಲಿಲ್ಲದಾಗ ಮಾತ್ರ.

ಏಳನೇ ಕಟ್ಟಿನಿಂದ ಸುತ್ತುವ ಕೈ ಸಿಸ್ಟರದ್ದು. ಸಿಮೆಂಟಣ್ಣ ಬೆನ್ನ ಹಿಂದೆ ಕೈಕಟ್ಟಿ ನಿಂತಿರುತ್ತಾರೆ. ಸಿಸ್ಟರ ಬೆರಳು ಬಾಗಿದರೆ ಸಾಕು, ಗಂಟಲು ಸರಿಮಾಡಿಕೊಳ್ಳುತ್ತಾರೆ. "ಹೇಳಿ ಅಣ್ಣಾ, ಕೆಮ್ಮಬೇಡಿ," ಎಂದು ಸಿಸ್ಟರ್ ಗದರುತ್ತಾರೆ. ಮೊದಲ ಕಟ್ಟು ಹಾಕಿದ ರಾತ್ರಿ ಸಿಸ್ಟರಿಗೆ ನಿದ್ದೆ ಬರಲಿಲ್ಲವಂತೆ. ವಾರ ಕಳೆದು ಬಿಚ್ಚಿದಾಗ ಹರಡಿನ ಬಳಿ ಚರ್ಮ ಮಗುವಿನದರಂತೆ ನುಣುಪಾಗಿತ್ತು.

ಹನ್ನೊಂದನೇ ಕಟ್ಟು ಬಿಚ್ಚಿದ ದಿನ ಸಿಸ್ಟರ್ ಗಾಯ ಹುಡುಕಬೇಕಾಯಿತು. ಒತ್ತಿ ನೋಡಿದರು, ಒರೆಸಿ ನೋಡಿದರು, ನೀರಿನ ಹನಿಯಷ್ಟೂ ಒಸರಲಿಲ್ಲ. ಮೆತ್ತನೆಯ ಅಡಿಯ ಹೊಸ ಚಪ್ಪಲಿ ಬಂದಿತ್ತು. ದಿನಾ ಹಾಕುವ ಮೊದಲು ಅದರೊಳಗೆ ಕೈಯಾಡಿಸಿ ನೋಡಬೇಕು, ರಾತ್ರಿ ಅಂಗಾಲು ನೋಡಬೇಕು, ಮೊದಲ ತಿಂಗಳು ದಿನಕ್ಕೆ ಎರಡು ತಾಸಿಗಿಂತ ಹೆಚ್ಚು ನಿಲ್ಲಬಾರದು ಎಂದು ಸಿಮೆಂಟಣ್ಣ ಹೇಳಿದರು. ಹೇಳಿದ್ದು ಯಜಮಾನರಿಗಲ್ಲ, ಅವರ ಹೆಂಡತಿಗೆ. "ಇವ್ರಿಗೆ ಹೇಳಿ ಪ್ರಯೋಜನ ಇಲ್ಲ ತಂಗೀ. ಇವ್ರ ಕಾಲಿಗೆ ಇನ್ಮೇಲೆ ನೋವು ಅಂದ್ರೆ ನೀವೇ."

"ಅದು ಮದುವೆ ದಿನದಿಂದ ಗೊತ್ತಿರೋದೇ ಅಣ್ಣಾ," ಎಂದರು ಯಜಮಾನರು. ಹೆಂಡತಿ ಕಣ್ಣೊರೆಸಿಕೊಳ್ಳುತ್ತಲೇ ಬೆನ್ನಿಗೊಂದು ಗುದ್ದಿದರು.

ಇನ್ನೆರಡು ತಿಂಗಳಿಗೆ ಸಿಮೆಂಟಣ್ಣನ ನೌಕರಿ ಮುಗಿಯುತ್ತದೆ. ಎಷ್ಟು ಕಾಲು ಉಳಿಸಿದ್ದೀರಿ ಎಂದರೆ, ಎಣಿಸಿಲ್ಲ ಎನ್ನುತ್ತಾರೆ. ಏನು ಆಸೆ ಎಂದರೆ ತುಸು ಯೋಚಿಸುತ್ತಾರೆ. "ಮುಂದಿನ ವರ್ಷ ಹೊಸ ಪುಸ್ತಕ ಬರುತ್ತೆ. ಅಚ್ಚಾಗಿ ಬರೋದ್ರಲ್ಲಿ ಆ ಕಂಬ ಇರಲ್ಲ. ಯಾರಾದ್ರೂ ಒಬ್ರು ಸ್ಕೇಲು ಇಟ್ಟು ಗೆರೆ ಎಳೀಬೇಕು. ಎಳೆದ್ರೆ ಸಾಕು."

ಆ ಬೆಳಗ್ಗೆ ಸಿಸ್ಟರ್ ಯಜಮಾನರ ಹೆಸರು, ತಾರೀಕು ಬರೆದು, ಕೊನೆಯ ಕಂಬದಲ್ಲಿ 'ಒಂದು' ಎಂದು ತುಂಬಿದರು. ಕೊನೆಯ ಐದು ಕಟ್ಟು ತನ್ನದಲ್ಲ, ಸಿಸ್ಟರಮ್ಮನದು ಎಂದು ಸಿಮೆಂಟಣ್ಣ ಕೇಳದವರಿಗೂ ಹೇಳಿದರು. ಆಮೇಲೆ ಬಕೆಟ್ಟಿನ ನೀರು ಚೆಲ್ಲಿ ಬರಲು ಹೊರಗೆ ಹೋದರು. ಯಜಮಾನರು ಎರಡೂ ಕಾಲಿಗೆ ಚಪ್ಪಲಿ ಮೆಟ್ಟಿ, ಹೆಂಡತಿಯ ಹೆಗಲು ಹಿಡಿಯದೆ, ಬಟ್ಟೆ ಒಗೆಯುವ ಕೋಣೆಯ ಪಕ್ಕದಿಂದ ಗೇಟಿನತ್ತ ನಡೆದು ಹೊರಟುಹೋದರು. ಅಂದು ಗುರುವಾರ, ಏಳೂವರೆಗೆ ಅಂಗಡಿ ತೆಗೆಯಬೇಕಿತ್ತು.